ಪೇಟನ್ ರೌಸ್ ಅವರ ಲೇಖನಗಳ ಪಟ್ಟಿ ಮಾಡುವಾಗ ನಾನು ಕಲಿತದ್ದು

ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿಯಾದ ನನ್ನ ಬಳಿಗೆ, ಬಡ್ತಿಯ ಅರ್ಜಿ ತುಂಬುವ ದಿನಗಳು ಬಂದಾಗಲೆಲ್ಲ, ಅಧ್ಯಾಪಕರು ಮೂರು ಅಂಕಿಗಳನ್ನು ಕೇಳಿಕೊಂಡು ಬರುತ್ತಾರೆ: ಲೇಖನಗಳು ಎಷ್ಟು, ಉಲ್ಲೇಖಗಳು (ಬೇರೆಯವರು ತಮ್ಮ ಲೇಖನಗಳಲ್ಲಿ ಅವನ್ನು ಸೂಚಿಸಿದ್ದು) ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಕೊನೆಯ ಲೆಕ್ಕ ಸರಳವಾದದ್ದು. ಒಬ್ಬರ 10 ಲೇಖನಗಳು ತಲಾ ಕನಿಷ್ಠ 10 ಸಲ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ 10. ಈ ಲೆಕ್ಕಗಳಿಗೆ ಸಿಗುವುದೇನು, ಸಿಗದೆ ಹೋಗುವುದೇನು ಎಂದು ತಿಳಿಯಬೇಕೆನಿಸಿ, ಒಂದು ಬೇಸಿಗೆ ರಜೆಯಲ್ಲಿ ಕ್ಯಾನ್ಸರ್ ಸಂಶೋಧಕ ಪೇಟನ್ ರೌಸ್ ಅವರ ಪ್ರಕಟಣೆಗಳ ಪಟ್ಟಿಯನ್ನು ನಾನೇ ಕೂತು ಸಿದ್ಧಪಡಿಸಿದೆ.

ಮೊದಲ ದಿನವೇ ಎಡವಿದೆ. ಕ್ಯಾನ್ಸರಿಗೆ ವೈರಸ್ ಕಾರಣವಾಗಬಲ್ಲದೆಂದು ತೋರಿಸಿದವರೆಂಬ ಖ್ಯಾತಿ ರೌಸ್ ಅವರಿಗಿರುವುದರಿಂದ, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಅವರ ಹೆಸರಿನೊಡನೆ ಶೀರ್ಷಿಕೆಯಲ್ಲಿ ‘ವೈರಸ್’ ಎಂಬ ಪದವಿರುವ ಲೇಖನಗಳನ್ನು ಹುಡುಕಿದೆ. ಅವರ ಹೆಸರನ್ನು ಉಳಿಸಿದ 1911ರ ಲೇಖನವೇ ಬರಲಿಲ್ಲ! ಆಮೇಲೆ ವರ್ಷವನ್ನು ಹಿಡಿದು ಹುಡುಕಿ, ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ನ ಹಳೆಯ ಪುಟಗಳ ಚಿತ್ರವನ್ನು ತೆರೆದಾಗ ಕಾರಣ ತಿಳಿಯಿತು. ಕೋಳಿಯ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆಯನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ದಾಟಲಾರದ ಬರ್ಕ್‌ಫೆಲ್ಡ್ ಶೋಧಕದಲ್ಲಿ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿ ಗಡ್ಡೆ ಬರಿಸಿದ ಮೇಲೂ ರೌಸ್ ಶೀರ್ಷಿಕೆಯಲ್ಲಿ ವೈರಸ್ ಎನ್ನಲಿಲ್ಲ. ಗಡ್ಡೆಯ ಕೋಶಗಳಿಂದ ಬೇರ್ಪಡಿಸಬಹುದಾದ ಒಂದು ‘ಏಜೆಂಟ್’ ಎಂದಷ್ಟೇ ಬರೆದರು. ಕಂಡದ್ದಕ್ಕಿಂತ ಒಂದು ಮಾತನ್ನೂ ಹೆಚ್ಚು ಹೇಳದ ಆ ಸಂಯಮದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ಪದವನ್ನು ಬಿಟ್ಟು ಲೇಖಕರ ಹೆಸರನ್ನಷ್ಟೇ ಹಿಡಿದು ಮತ್ತೆ ಹುಡುಕಿದಾಗ ಇನ್ನೊಂದು ಸಂಗತಿ ಎದುರಾಯಿತು. 1916ರಲ್ಲಿ ಅವರು ಟರ್ನರ್ ಎಂಬ ಸಹೋದ್ಯೋಗಿಯೊಡನೆ, ಸಿಟ್ರೇಟ್ ಮತ್ತು ಗ್ಲೂಕೋಸ್ ದ್ರಾವಣದಲ್ಲಿ ಕೆಂಪು ರಕ್ತಕಣಗಳನ್ನು ಕಾಪಿಡುವ ವಿಧಾನವನ್ನು ಪ್ರಕಟಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸೇನಾ ವೈದ್ಯ ಆಸ್ವಾಲ್ಡ್ ರಾಬರ್ಟ್‌ಸನ್ ರಕ್ತವನ್ನು ಸಂಗ್ರಹಿಸಿಟ್ಟು ಗಾಯಾಳುಗಳಿಗೆ ಕೊಡಲು ನೆರವಾದದ್ದು ಇದೇ ವಿಧಾನ. ಕ್ಯಾನ್ಸರ್ ಸಂಶೋಧಕರ ಪಟ್ಟಿಯೆಂದು ವಿಷಯದ ಜರಡಿ ಹಿಡಿದಿದ್ದರೆ ಇದು ಕೆಳಗೆ ಉದುರಿಹೋಗುತ್ತಿತ್ತು. ಅಂದಿನಿಂದ ನಾನು ಯಾರ ಪಟ್ಟಿಯನ್ನೇ ಮಾಡಲಿ, ಮೊದಲು ಹೆಸರಿನಿಂದ ಎಲ್ಲವನ್ನೂ ತೆಗೆದು, ಬೇಡದ್ದನ್ನು ಕೈಯಾರೆ ಬಿಡುತ್ತೇನೆ. ಊರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರೆಯುವ ನಮ್ಮ ಕಡೆಯವರ ವಿಷಯದಲ್ಲಂತೂ ಈ ಕೆಲಸಕ್ಕೆ ಎರಡು ಪಟ್ಟು ಸಮಯ ಬೇಕು; ಹಾಗಾಗಿ ಒಬ್ಬೊಬ್ಬ ಸಂಶೋಧಕರನ್ನೂ ಬೇರೆಯಾಗಿ ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆಯನ್ನು ಮಾಡಿಸಿಕೊಳ್ಳಿ ಎಂದು ಕಿರಿಯರಿಗೆ ಮೊದಲೇ ಹೇಳಿಬಿಡುತ್ತೇನೆ.

ಪ್ರಭಾವವನ್ನು ಅಳೆಯುವುದು ಇದಕ್ಕಿಂತ ಕಷ್ಟವಾಯಿತು. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ಪಟ್ಟಿ ಮಾಡುವ ಯೂಜಿನ್ ಗಾರ್ಫೀಲ್ಡ್ ಅವರ ವಿಜ್ಞಾನ ಉಲ್ಲೇಖ ಸೂಚಿ ಹೊರಬರತೊಡಗಿದ್ದು 1964ರಲ್ಲಿ, ಅಂದರೆ ರೌಸ್ ಅವರ ಲೇಖನಕ್ಕೆ ಐವತ್ತು ವರ್ಷ ದಾಟಿದ ಮೇಲೆ. ಅದಕ್ಕೂ ಹಿಂದಿನ ದಶಕಗಳಲ್ಲಿ ಹಕ್ಕಿಗಳಿಗೆ ಬರುವ ರೋಗಕ್ಕೂ ಮನುಷ್ಯರ ಕ್ಯಾನ್ಸರಿಗೂ ಸಂಬಂಧವಿಲ್ಲವೆಂದು ಹಲವರು ಈ ಕೆಲಸವನ್ನು ಬದಿಗಿಟ್ಟಿದ್ದರು. 1926ರಲ್ಲೇ ಅವರ ಹೆಸರು ನೊಬೆಲ್‌ಗೆ ನಾಮನಿರ್ದೇಶನಗೊಂಡಿತ್ತು; ಆ ವರ್ಷದ ಪ್ರಶಸ್ತಿ ಸಂದದ್ದು, ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂದ ಯೊಹಾನೆಸ್ ಫಿಬಿಗರ್ ಅವರಿಗೆ, ಮತ್ತು ಆ ತೀರ್ಮಾನ ಮುಂದೆ ನಿಲ್ಲಲಿಲ್ಲ. ರೌಸ್ ಅವರಿಗೆ ಪ್ರಶಸ್ತಿ ಬಂದದ್ದು 1966ರಲ್ಲಿ, 87ನೆಯ ವಯಸ್ಸಿನಲ್ಲಿ.

ನೊಬೆಲ್ ಬಂದ ಮೇಲಾದರೂ ಉಲ್ಲೇಖಗಳು ನಿಜ ಹೇಳುತ್ತವೆಯೇ ಎಂದು ನೋಡಲು, ಉಲ್ಲೇಖಿಸಿದ ಲೇಖನಗಳನ್ನು ಒಂದೊಂದಾಗಿ ತೆರೆದು ಆಯಾ ವಾಕ್ಯವನ್ನು ಓದತೊಡಗಿದೆ. ‘ರೌಸ್ ಸಾರ್ಕೋಮಾ ವೈರಸ್’ ಎಂಬ ಹೆಸರು ಪ್ರಯೋಗಾಲಯದ ದಿನಬಳಕೆಯ ಮಾತಾಗಿಬಿಟ್ಟಿದ್ದರಿಂದ, ಅದನ್ನೇ ಬಳಸಿ ಕೆಲಸ ಮಾಡಿದ ಎಷ್ಟೋ ಜನರು 1911ರ ಮೂಲವನ್ನು ಸೂಚಿಸುವ ಗೊಡವೆಗೇ ಹೋಗಿಲ್ಲ. ಜ್ಞಾನ ಎಲ್ಲರ ಸೊತ್ತಾದಷ್ಟೂ ಅದರ ಮೂಲದ ಉಲ್ಲೇಖ ಅಳಿಸಿಹೋಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ನನಗೆ ಅದು ಕಣ್ಣೆದುರೇ ಕಂಡಿತು. 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಮಿಜುಟಾನಿ ಆರ್‌ಎನ್‌ಎಯಿಂದ ಡಿಎನ್‌ಎ ರಚಿಸುವ ಕಿಣ್ವವನ್ನು ಕಂಡದ್ದು ಇದೇ ವೈರಸ್ಸಿನಲ್ಲಿ. 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಅವರ ಜೊತೆಗಾರರು, ಗಡ್ಡೆ ಬರಿಸುವ ಇದರ ಜೀನ್‌ಗೆ ಸಮನಾದದ್ದು ಹಕ್ಕಿಗಳ ಆರೋಗ್ಯವಂತ ಕೋಶಗಳಲ್ಲೇ ಇದೆಯೆಂದು ತೋರಿಸಿದರು. ಆ ಕೆಲಸಗಳಿಗೆ 1975 ಮತ್ತು 1989ರಲ್ಲಿ ನೊಬೆಲ್ ಬಂತು. ಹಲವು ದಶಕಗಳ ಕಾಲ, ತಮ್ಮ 1911ರ ಲೇಖನ ಬಂದಿದ್ದ ಅದೇ ಪತ್ರಿಕೆಯ ಸಂಪಾದಕರಾಗಿ ರೌಸ್ ಇತರರ ಲೇಖನಗಳನ್ನು ತಿದ್ದಿದ್ದಂತೂ ಯಾವ ಸೂಚಿಗೂ ಸಿಗುವುದಿಲ್ಲ.

ಈಗ ಬಡ್ತಿಗೆಂದು ಬಂದವರಿಗೆ ಆ ಮೂರು ಅಂಕಿಗಳ ಜೊತೆಗೆ ಇನ್ನೊಂದು ಹಾಳೆಯನ್ನೂ ಕೊಡುತ್ತೇನೆ. ಅವರ ಲೇಖನಗಳಲ್ಲಿ ಐದನ್ನು ಆಯ್ದು, ಯಾರು, ಯಾವ ವರ್ಷ, ಯಾವ ವಾಕ್ಯದಲ್ಲಿ, ಏನನ್ನು ಬಳಸಿಕೊಂಡರು ಎಂಬುದನ್ನು ಅದರಲ್ಲಿ ಬರೆದಿರುತ್ತೇನೆ. ಒಂದು ಹಾಳೆಗೆ ಎರಡು ದಿನ ಹಿಡಿಯುತ್ತದೆ.