ಯು ಕೈಕೊಟ್ಟಾಗ ಕ್ಯೂ ಆಡುವುದು ಹೇಗೆ?

ಇಂಗ್ಲಿಷ್ ಅಕ್ಷರಗಳ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ ಕ್ಯೂ ಅಕ್ಷರ ಯಾರ ಕೈಗೆ ಬಂತು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತದೆ. ನಮ್ಮ ಮನೆಯಲ್ಲಂತೂ ಅದು ಸಿಕ್ಕವರು ಒಂದು ನಿಟ್ಟುಸಿರು ಬಿಟ್ಟು, ಯು ಯಾವಾಗ ಬರುತ್ತದೋ ಎಂದು ಕಾಯುತ್ತಾ ಕೂರುತ್ತಾರೆ. ನೂರು ಬಿಲ್ಲೆಗಳ ಚೀಲದಲ್ಲಿ ಯು ಇರುವುದು ನಾಲ್ಕೇ. ಅಷ್ಟರಲ್ಲಿ ಎದುರಾಳಿ ಆಟ ಮುಗಿಸಿದರೆ ಕೈಯಲ್ಲೇ ಉಳಿದ ಕ್ಯೂ ಬೆಲೆಯಾದ 10 ಅಂಕ ನಿಮ್ಮ ಲೆಕ್ಕದಿಂದ ಹೋಗುತ್ತದೆ, ಅದೇ 10 ಅವರ ಲೆಕ್ಕಕ್ಕೆ ಸೇರುತ್ತದೆ.

ಕಾಯುವುದು ಬೇಡ. ಯು ಇಲ್ಲದೆಯೂ ಕ್ಯೂ ಆಡಬಹುದು. ಅಂಥ ಹಲವು ಪದಗಳು ಕನ್ನಡಿಗರಿಗೆ ಮೊದಲೇ ಗೊತ್ತು; ಸ್ಪೆಲಿಂಗ್ ಮಾತ್ರ ಕಲಿತರೆ ಸಾಕು.

ಮೊದಲಿಗೆ, ಶಾಲೆಯಲ್ಲಿ ಕಲಿತ ನಿಯಮವನ್ನು ಸ್ವಲ್ಪ ಸಡಿಲಿಸಿ. ಕ್ಯೂ ಹಿಂದೆ ಯು ಬರಲೇಬೇಕು ಎಂಬುದು ಇಂಗ್ಲಿಷಿನ ಹುಟ್ಟುಗುಣವೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದವನ್ನೇ ಸಿ, ಡಬ್ಲ್ಯು ಇಟ್ಟು ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬರವಣಿಗೆಯ ಪ್ರಭಾವದಿಂದ ಈ ಜೋಡಿ ಬಂತು. ಆಮೇಲೆ ಅರಬ್ಬಿ, ಹೀಬ್ರೂ, ಚೀನೀ ಭಾಷೆಗಳಿಂದ ಬಂದ ಪದಗಳು ಯು ಹಂಗಿಲ್ಲದೆ ಒಳಗೆ ಸೇರಿಕೊಂಡವು.

ಮೊದಲು ಬಾಯಿಪಾಠ ಮಾಡಬೇಕಾದ ಪದ ಒಂದೇ: ಕ್ಯೂ-ಐ. ಉಚ್ಚಾರ 'ಚೀ'. ಚೀನೀಯರು ಮೈಯಲ್ಲಿ ಹರಿಯುವ ಜೀವಶಕ್ತಿ ಎನ್ನುವುದು ಇದನ್ನೇ. ನಮ್ಮ 'ಪ್ರಾಣ'ದ ಹತ್ತಿರದ ಕಲ್ಪನೆ. ಅಮೆರಿಕದ ಆಟಗಾರರು ಬಳಸುವ ಪದಪಟ್ಟಿಗೆ ಇದು ಸೇರಿದ್ದು 2006ರಲ್ಲಿ. ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಇದನ್ನು ಎಲ್ಲಿ ಇಡಬೇಕು? ಹಲಗೆಯ ಮೇಲೆ ಎಸ್-ಎ-ಆರ್-ಐ, ಅಂದರೆ ಸೀರೆ, ಅಡ್ಡಕ್ಕೆ ಇದೆ ಎನ್ನಿ. ಕೊನೆಯ ಐ ಮೇಲಿನ ಮನೆ ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆ, ಸುತ್ತ ಬೇರೆ ಬಿಲ್ಲೆ ಇಲ್ಲ. ಅಲ್ಲಿ ಕ್ಯೂ ಇಟ್ಟು, ಅದರ ಬಲಕ್ಕೆ ನಿಮ್ಮ ಕೈಯಲ್ಲಿರುವ ಐ ಇಡಿ. ಅಡ್ಡಕ್ಕೂ ಕ್ಯೂ-ಐ, ಕೆಳಕ್ಕೂ ಕ್ಯೂ-ಐ! ಕ್ಯೂಗೆ 30, ಐಗೆ 1, ಎರಡು ದಿಕ್ಕಿನಲ್ಲೂ ಎಣಿಸಿದರೆ 62. ಎರಡೇ ಬಿಲ್ಲೆಗೆ ಇಷ್ಟು ಸಿಗುವುದು ನೋಡಿದರೆ ಉದ್ದುದ್ದ ಪದ ಹುಡುಕುವ ಹಟವೇ ಬಿಟ್ಟುಹೋಗುತ್ತದೆ.

ಮುಂದಿನದು, ಇರುವ ಪದದ ತಲೆಗೆ ಕ್ಯೂ ಕೂರಿಸುವ ಉಪಾಯ. ಎ-ಟಿ ಮುಂದೆ ಇಟ್ಟರೆ ಕ್ಯೂ-ಎ-ಟಿ: ಯೆಮೆನ್, ಇಥಿಯೋಪಿಯಾ ಕಡೆ ಜನ ಕೆನ್ನೆಯಲ್ಲಿಟ್ಟು ಜಗಿಯುವ, ಉತ್ತೇಜನ ಕೊಡುವ ಎಲೆ. ಐ-ಎಸ್ ಮುಂದೆ ಇಟ್ಟರೆ ಮೇಲೆ ಹೇಳಿದ ಜೀವಶಕ್ತಿಯ ಬಹುವಚನ. ಎ-ಐ-ಡಿ ಮುಂದೆ ಇಟ್ಟರೆ ಉತ್ತರ ಆಫ್ರಿಕಾದ ಒಬ್ಬ ಮುಖಂಡ, ಕಾಯಿದ್.

ಇನ್ನು ನಮ್ಮ ಅನುಕೂಲದ ವಿಷಯ. ಅರಬ್ಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಕ ಹಾಗೆಯೇ. ಇಂಗ್ಲಿಷಿನಲ್ಲಿ ಅದಕ್ಕೆ ಕೆ. ಇನ್ನೊಂದು ಕಿರುನಾಲಿಗೆಯ ಹತ್ತಿರ, ಗಂಟಲಿನಿಂದ ಹೊರಡುವಂಥದ್ದು, ಅದಕ್ಕೆ ಕ್ಯೂ. ದಖನಿ ಉರ್ದು ಆಡುವವರ ಬಾಯಲ್ಲಿ ಈ ಎರಡನೆಯದು ಸಾಮಾನ್ಯವಾಗಿ ಖ ಆಗುತ್ತದೆ. ನಾವು ಖಾಜಿ, ತಲಾಖ್, ಬುರ್ಖಾ ಎನ್ನುವುದು ಅದರ ಗುರುತು. ಇವೆಲ್ಲ ಸ್ಕ್ರ್ಯಾಬಲ್‌ನಲ್ಲಿ ನಡೆಯುವ ಪದಗಳೇ. ಖಾಜಿಯನ್ನು ಕ್ಯೂ-ಎ-ಡಿ-ಐ ಎಂದು ಬರೆಯಿರಿ. ಅರಬ್ಬರು ಅಲ್ಲಿ ಡಿ ಉಚ್ಚರಿಸುತ್ತಾರೆ, ಪಾರ್ಸಿ ದಾಟಿ ಬರುವಾಗ ಅದು ಜ ಆಯಿತು. ತಲಾಖ್ ಟಿ-ಎ-ಎಲ್-ಎ-ಕ್ಯೂ. ಬುರ್ಖಾದಲ್ಲಿ ಯು ಇದೆ, ಆದರೆ ಕ್ಯೂಗಿಂತ ಮೊದಲೇ: ಬಿ-ಯು-ಆರ್-ಕ್ಯೂ-ಎ. ಫಕೀರ ಎಫ್-ಎ-ಕ್ಯೂ-ಐ-ಆರ್. ನಿಕಾಬ್ ಎನ್-ಐ-ಕ್ಯೂ-ಎ-ಬಿ. ಪತ್ರಿಕೆಯಲ್ಲಿ ದಿನಾ ಕಾಣುವ ವಕ್ಫ್ ಡಬ್ಲ್ಯು-ಎ-ಕ್ಯೂ-ಎಫ್. ಕ್ಯೂ ಜೊತೆ ಇನ್ನೆರಡು ನಾಲ್ಕಂಕದ ಬಿಲ್ಲೆಗಳೂ ಖಾಲಿಯಾಗುವುದರಿಂದ ನನಗೆ ಇದೇ ಅಚ್ಚುಮೆಚ್ಚು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಇನ್ನೊಂದು ಪದ ಸುಲಭ. ನೆಲದಡಿಯಲ್ಲಿ ನೀರು ಹರಿಸುವ ಆ ಬಗೆಯ ಸುರಂಗಕ್ಕೆ ಇಂಗ್ಲಿಷ್ ನಿಘಂಟಿನಲ್ಲಿರುವ ಹೆಸರು ಕನಾತ್, ಕ್ಯೂ-ಎ-ಎನ್-ಎ-ಟಿ.

ಎಚ್ಚರ, ಖ ಕಂಡಲ್ಲೆಲ್ಲ ಕ್ಯೂ ಹಾಕಬೇಡಿ. ಖಾನ್ ಪದದ ಖ ಬೇರೆಯೇ ಧ್ವನಿ. ಇಂಗ್ಲಿಷಿನಲ್ಲಿ ಅದು ಕೆ-ಎಚ್.

ಇನ್ನೆರಡು ಬಿಡಿಪದ: ಎಸ್-ಯು-ಕ್ಯೂ, ಅರಬ್ ಊರುಗಳ ಸಂತೆಬೀದಿ. ಕ್ಯೂ-ಒ-ಪಿ-ಎಚ್, ಹೀಬ್ರೂ ವರ್ಣಮಾಲೆಯ ಒಂದು ಅಕ್ಷರ. ಕ್ಯೂ ಅಕ್ಷರದ ಮೂಲ ಹುಡುಕಿದರೆ ಇದೇ ಬಳಗಕ್ಕೆ ಹೋಗಿ ಮುಟ್ಟುತ್ತೀರಿ.

ಆಟ ಶುರುವಾಗುವ ಮುಂಚೆಯೇ ಯಾವ ಪದಪಟ್ಟಿ ಎಂದು ಮಾತಾಡಿಕೊಳ್ಳಿ. ಅಮೆರಿಕ, ಕೆನಡಾಗಳಲ್ಲಿ ಅವರದೇ ಪಟ್ಟಿ ಇದೆ. ಹೆಚ್ಚಿನ ಬೇರೆ ದೇಶಗಳ ಪಂದ್ಯಗಳಲ್ಲಿ ನಿಘಂಟು ಪ್ರಕಾಶಕರಾದ ಕಾಲಿನ್ಸ್ ಪಟ್ಟಿ. ವಕ್ಫ್, ಸಂತೆಬೀದಿಯಂಥ ಪದಗಳನ್ನು ಕಾಲಿನ್ಸ್ ನೋಡಿಕೊಂಡೇ ಆಡಿ. ಮನೆಯ ಆಟದಲ್ಲಿ ಅರ್ಥ ಹೇಳಲು ಬಂದರೆ ಜಗಳ ಅರ್ಧ ಕಡಿಮೆ. ಪಂದ್ಯದಲ್ಲಿ ಅರ್ಥ ಯಾರೂ ಕೇಳುವುದಿಲ್ಲ, ಪದ ಪಟ್ಟಿಯಲ್ಲಿದ್ದರೆ ಆಯಿತು.

ಇಷ್ಟಾದರೂ ಕೈಯಲ್ಲಿ ಐ ಇಲ್ಲ, ಎ ಇಲ್ಲ, ಹಲಗೆಯಲ್ಲಿ ಜಾಗವೂ ಇಲ್ಲ ಎಂದರೆ ಕ್ಯೂವನ್ನು ಚೀಲಕ್ಕೆ ಹಿಂತಿರುಗಿಸಿ ಬೇರೆ ಬಿಲ್ಲೆ ತೆಗೆದುಕೊಳ್ಳಿ. ಒಂದು ಸರದಿ ಹೋಗುತ್ತದೆ, ಹೋಗಲಿ. ಆದರೆ ಚೀಲದಲ್ಲಿ ಕನಿಷ್ಠ ಏಳು ಬಿಲ್ಲೆ ಇರುವಾಗಲೇ ಇದನ್ನು ಮಾಡಬೇಕು. ಆರಕ್ಕೆ ಇಳಿದರೆ ಬದಲಿಸಲು ನಿಯಮ ಬಿಡುವುದಿಲ್ಲ.