ಬೋರ್ ನೀರು, ಹಿತ್ತಲ ಮಣ್ಣು, ತಟ್ಟೆಯ ಅನ್ನ: ಆರ್ಸೆನಿಕ್ ಮತ್ತು ಸೀಸದ ದಾರಿ ಅಡ್ಡಗಟ್ಟುವುದು ಹೇಗೆ

ಎಷ್ಟೋ ಕೀಟನಾಶಕಗಳು ಬಿಸಿಲು ಮಳೆಗೆ ಕ್ರಮೇಣ ಒಡೆದು ಹೋಗುತ್ತವೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಹಾಗಲ್ಲ. ಇವು ಮೂಲಧಾತುಗಳು. ಕೊಳೆಯುವುದಿಲ್ಲ, ಸುಟ್ಟರೆ ಹೊಗೆಯಲ್ಲೋ ಬೂದಿಯಲ್ಲೋ ಉಳಿಯುತ್ತವೆ, ನೀರಿನಲ್ಲಿದ್ದದ್ದನ್ನು ಕುದಿಸಿದರೆ ನೀರು ಇಂಗಿ ಮತ್ತಷ್ಟು ದಟ್ಟವಾಗುತ್ತವೆ. ಹಾಗಾಗಿ ನಾವು ಮಾಡಬಹುದಾದದ್ದು ಅವು ಬಾಯಿಗೆ ಬರುವ ದಾರಿಯನ್ನು ಅಡ್ಡಗಟ್ಟುವುದು. ಆ ದಾರಿ ಮೂರಕ್ಕೂ ಒಂದೇ ಅಲ್ಲ. ಆರ್ಸೆನಿಕ್ ಮುಖ್ಯವಾಗಿ ಕುಡಿಯುವ ನೀರು ಮತ್ತು ಅಕ್ಕಿಯ ಮೂಲಕ ಬರುತ್ತದೆ. ತೋಟದಲ್ಲಿ ಸೀಸ ಬರುವುದು ಹೆಚ್ಚಾಗಿ ಧೂಳು ಮತ್ತು ಅಂಟಿದ ಮಣ್ಣಿನಿಂದ. ಕ್ಯಾಡ್ಮಿಯಂ ಬೇರಿನಿಂದ ಹೀರಿಕೊಂಡು ಸೊಪ್ಪಿಗೂ ಕಾಳಿಗೂ ಏರುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಕೆರಳಿಸುವುದೂ ಉಂಟು. ಅದಕ್ಕೇ ಅಳತೆ ಮೊದಲು, ಉಪಾಯ ಆಮೇಲೆ.

ನೀರಿನಿಂದ ಶುರು ಮಾಡಿ

ಚಿನ್ನವಿರುವ ಬಂಡೆಗಳಲ್ಲಿ ಆರ್ಸೆನಿಕ್ ಕೂಡಿದ ಖನಿಜಗಳು ಸಾಮಾನ್ಯ. ರಾಯಚೂರು ಜಿಲ್ಲೆಯ ಹಟ್ಟಿ, ಯಾದಗಿರಿ ಜಿಲ್ಲೆಯ ಮಂಗಳೂರು (ಕರಾವಳಿಯದಲ್ಲ, ಹಳೆಯ ಚಿನ್ನದ ಗಣಿಯ ಊರು) ಇಂಥ ಶಿಲಾಪಟ್ಟಿಯಲ್ಲಿವೆ. ಈ ಗಣಿಗೆ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರು ಕುಡಿದವರ ಅಂಗೈ, ಅಂಗಾಲು, ಎದೆಯ ಚರ್ಮದಲ್ಲಿ ಆರ್ಸೆನಿಕ್ ವಿಷದ ಗುರುತುಗಳು ಕಂಡವು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬ ಭರವಸೆಗೆ ಇಲ್ಲಿ ಬೆಲೆಯಿಲ್ಲ.

ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಸೀಸಕ್ಕೂ 0.01, ಕ್ಯಾಡ್ಮಿಯಂಗೆ 0.003. ಕೆಲವು ಲ್ಯಾಬ್‌ಗಳು ಇದನ್ನೇ ಮೈಕ್ರೋಗ್ರಾಂ ಅಥವಾ ಪಿಪಿಬಿಯಲ್ಲಿ ಬರೆಯುತ್ತವೆ, ಆಗ 0.01 ಎಂದರೆ 10. ವರದಿ ಓದುವಾಗ ಜನ ಎಡವುವುದು ಇಲ್ಲೇ: 40 ಪಿಪಿಬಿ ಎಂಬುದನ್ನು ನೋಡಿ ಗಾಬರಿಯಾಗದವರು, 0.04 ಎಂದು ಬರೆದಿದ್ದರೆ ಇನ್ನೂ ನಿರಾಳರಾಗಿಬಿಡುತ್ತಾರೆ. ಎರಡೂ ಒಂದೇ, ಎರಡೂ ಮಿತಿಯ ನಾಲ್ಕು ಪಟ್ಟು.

ಮಾದರಿ ತೆಗೆಯುವಾಗ ಪಂಪ್ ಚಾಲೂ ಮಾಡಿ 10 ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತ ನೀರಲ್ಲ, ಬಂಡೆಯಿಂದ ಬರುವ ನೀರು ನಮಗೆ ಬೇಕು. ಓವರ್‌ಹೆಡ್ ಟ್ಯಾಂಕಿನಿಂದ ಹಿಡಿಯಬೇಡಿ: ನೀರಿನ ಕಬ್ಬಿಣ ಗಾಳಿ ತಾಗಿ ಕೆಂಪಾಗಿ ತಳಕ್ಕೆ ಕೂರುವಾಗ ಆರ್ಸೆನಿಕ್‌ನ ಒಂದಷ್ಟು ಪಾಲನ್ನೂ ಎಳೆದುಕೊಂಡು ಕೂರುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಇದೇ ಕಾರಣಕ್ಕೆ ಲ್ಯಾಬ್‌ನವರು ನೈಟ್ರಿಕ್ ಆಮ್ಲದ ಹನಿ ಹಾಕಿದ 500 ಮಿಲಿಲೀಟರ್ ಪ್ಲಾಸ್ಟಿಕ್ ಬಾಟಲಿ ಕೊಡುತ್ತಾರೆ. ಆ ಬಾಟಲಿಯನ್ನು ತೊಳೆಯಬೇಡಿ, ಉಕ್ಕಿ ಹರಿಯುವಂತೆ ತುಂಬಬೇಡಿ, ಆಮ್ಲ ಕೈಗೆ ತಾಗಿಸಿಕೊಳ್ಳಬೇಡಿ. ಪಕ್ಕದ ಮನೆಯ ಬೋರ್ ವರದಿಯನ್ನು ನಿಮ್ಮದೆಂದು ಹಿಡಿಯಲೂ ಆಗದು. ಬಂಡೆಯ ಬಿರುಕು ಬೇರೆಯಾದರೆ ಐವತ್ತು ಅಡಿ ಆಚೆಗೆ ನೀರೇ ಬೇರೆ.

ಫೀಲ್ಡ್ ಕಿಟ್‌ಗಳೂ ಸಿಗುತ್ತವೆ. ಸೀಸೆಯ ನೀರಿಗೆ ಪುಡಿಗಳನ್ನು ಹಾಕಿದಾಗ ಆರ್ಸೆನಿಕ್ ಅನಿಲವಾಗಿ ಎದ್ದು, ಮುಚ್ಚಳದ ಕಾಗದದ ಪಟ್ಟಿಯನ್ನು ಹಳದಿಯಿಂದ ಕಂದಿನ ಕಡೆಗೆ ತಿರುಗಿಸುತ್ತದೆ. ಅನಿಲ ವಿಷ, ಜೊತೆಗೆ ಏಳುವ ಜಲಜನಕ ಬೆಂಕಿ ಹಿಡಿಯುತ್ತದೆ, ಪಟ್ಟಿಯಲ್ಲಿ ಪಾದರಸವಿರುತ್ತದೆ. ಬಯಲಲ್ಲಿ, ಒಲೆ ಬೀಡಿಯಿಂದ ದೂರ ಮಾಡಿ. ಬಣ್ಣವನ್ನು ನೆರಳಲ್ಲಿ, ಕಿಟ್ ಹೇಳಿದ ನಿಮಿಷಕ್ಕೆ ಸರಿಯಾಗಿ ಹೋಲಿಸಿ. ಕಿಟ್ ‘ಇದೆ’ ಎಂದರೆ ನಂಬಿ. ‘ಇಲ್ಲ’ ಎಂದರೆ ಒಮ್ಮೆಯಾದರೂ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ.

ಮಿತಿ ಮೀರಿದ್ದರೆ ಆ ನೀರನ್ನು ಕುಡಿಯಲೂ ಅಡುಗೆಗೂ ನಿಲ್ಲಿಸಿ, ಮಳೆನೀರು ಅಥವಾ ಪರೀಕ್ಷೆಯಾದ ನದಿಮೂಲದ ನೀರಿಗೆ ಹೊರಳಿ. ಸ್ನಾನ, ಬಟ್ಟೆ ಒಗೆಯಲು ಬಳಸಬಹುದು. ಕ್ಯಾಂಡಲ್ ಫಿಲ್ಟರ್, ಯುವಿ ಎರಡೂ ಆರ್ಸೆನಿಕ್ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಬೋರ್ ನೀರಿನಲ್ಲಿ ಹೆಚ್ಚಾಗಿರುವ ಆರ್ಸೆನೈಟ್ ರೂಪವನ್ನು ಪೂರ್ತಿ ಹಿಡಿಯುವುದಿಲ್ಲ. ಆರ್‌ಒ ಹಾಕಿಸಿದ ಮೇಲೂ ಹೊರಬರುವ ನೀರನ್ನು ಪರೀಕ್ಷಿಸಬೇಕು.

ಮಣ್ಣಿನ ಮಾದರಿ: ಎಡವಟ್ಟಾಗುವ ಜಾಗ

ಮೊದಲು ಒಂದು ಮಾತು. ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಕಾರ್ಡ್ ಚೆನ್ನಾಗಿದೆ ಎಂದರೆ ಭಾರಲೋಹ ಇಲ್ಲವೆಂದಲ್ಲ, ಯಾರೂ ನೋಡಿಲ್ಲ ಎಂದಷ್ಟೇ. ಲ್ಯಾಬಿನಲ್ಲಿ ‘ಒಟ್ಟು ಆರ್ಸೆನಿಕ್, ಒಟ್ಟು ಸೀಸ, ಒಟ್ಟು ಕ್ಯಾಡ್ಮಿಯಂ’ ಎಂದು ಬಾಯಿಬಿಟ್ಟು ಕೇಳಿ. ಡಿಟಿಪಿಎ ದ್ರಾವಣದಲ್ಲಿ ತೆಗೆದ ಅಂಕಿ ಬೇರೆ, ಅದು ಬೆಳೆಗೆ ಸುಲಭವಾಗಿ ಸಿಗುವ ಪಾಲು ಮಾತ್ರ. ಅದನ್ನು ಒಟ್ಟು ಮಿತಿಗಳ ಜೊತೆ ಹೋಲಿಸಿದರೆ ಎಂಥ ಕೆಟ್ಟ ಮಣ್ಣೂ ಒಳ್ಳೆಯದಾಗಿ ಕಾಣುತ್ತದೆ.

ಇಡೀ ಹಿತ್ತಲನ್ನು ಬೆರೆಸಿ ಒಂದೇ ಮಾದರಿ ಮಾಡಬೇಡಿ. ಹಳೆಯ ಮನೆಯ ಕಿಟಕಿಯ ಕೆಳಗೆ ಕೂತು ನೋಡಿ: ಗೋಡೆಯಿಂದ ಒಂದು ಮೊಳದೊಳಗೆ, ಸೂರಿನ ನೀರು ಬೀಳುವ ಸಾಲಿನಲ್ಲಿ, ಉಗುರಿನಷ್ಟು ಅಗಲದ ಬಣ್ಣದ ಚಕ್ಕೆಗಳು ಮಣ್ಣಿಗೆ ಮೆತ್ತಿಕೊಂಡಿರುತ್ತವೆ. ಕಿಟಕಿ ಸರಳಿನ ಹಳೆಯ ಎನಾಮೆಲ್ ಬಣ್ಣದ್ದು ಅದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಕಿಲೋಗೆ 90 ಮಿಲಿಗ್ರಾಂ) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣದ ಬಗ್ಗೆ ಅನುಮಾನವಿರಲಿ. ಸೀಸದ ಪೆಟ್ರೋಲ್ 2000ದಲ್ಲಿ ನಿಂತರೂ ಅದು ಉಗುಳಿದ ಸೀಸ ರಸ್ತೆ ಬದಿಯ ಮೇಲ್ಮಣ್ಣಿನಲ್ಲಿ ಹಾಗೇ ಇದೆ. ಆದ್ದರಿಂದ ಗೋಡೆಯ ಬುಡ, ರಸ್ತೆಯ ಬದಿ, ತೋಟದ ನಡು ಮೂರನ್ನೂ ಬೇರೆ ಬೇರೆ ಚೀಲದಲ್ಲಿ ಕೊಡಿ. ಬ್ಯಾಟರಿ ಬಿಚ್ಚಿದ, ತಂತಿ ಸುಟ್ಟು ತಾಮ್ರ ತೆಗೆದ ಜಾಗವಿದ್ದರೆ ಅದು ನಾಲ್ಕನೆಯದು.

ಪ್ರತಿ ಜಾಗದಲ್ಲೂ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ಕಸಕಡ್ಡಿ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದಂತೆ ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕತ್ತರಿಸಿ ತೆಗೆಯಿರಿ. ಸ್ಟೀಲ್ ಕರಣೆ, ಪ್ಲಾಸ್ಟಿಕ್ ಬಕೆಟ್ ಬಳಸಿ. ಸತು ಲೇಪದ ಬಕೆಟ್, ಬಣ್ಣ ಬಳಿದ ಸಲಿಕೆ ತಾವೇ ಲೋಹ ಬಿಡುತ್ತವೆ. ಹೆಂಟೆ ಪುಡಿ ಮಾಡಿ, ಬೆರೆಸಿ, ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡುತ್ತಾ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲಿ ಒಣಗಿಸಿ. ಮಕ್ಕಳು ಆಡುವ ಜಾಗಕ್ಕೆ ಮಾತ್ರ ಮೇಲಿನ 2–3 ಸೆಂಟಿಮೀಟರ್ ಸಾಕು, ಕೈಗೆ ಬಾಯಿಗೆ ಹೋಗುವುದು ಅಷ್ಟೇ.

ವರದಿ ಬಂದ ಮೇಲೆ

ಸೀಸದ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಸದ ಮನೆಗಳ ಮಣ್ಣಿಗೆ ಇಟ್ಟಿದ್ದ 400 ಪಿಪಿಎಂ ಗಡಿಯನ್ನು 2024ರಲ್ಲಿ 200ಕ್ಕೆ ಇಳಿಸಿತು. 100ರೊಳಗಿದ್ದರೆ ಸಾಮಾನ್ಯ ಎಚ್ಚರಿಕೆಯಲ್ಲಿ ಏನು ಬೇಕಾದರೂ ಬೆಳೆಯಬಹುದು. 200 ದಾಟಿದರೆ ಸೊಪ್ಪು, ಗೆಡ್ಡೆಗಳನ್ನು ಆ ನೆಲದಲ್ಲಿ ನೇರ ಹಾಕುವುದು ಬೇಡ ಎಂಬುದು ನಮ್ಮ ಸಲಹೆ. ಆರ್ಸೆನಿಕ್ ಸಹಜ ಮಣ್ಣಿನಲ್ಲೂ ಕೆಲವು ಪಿಪಿಎಂ ಇದ್ದೇ ಇರುತ್ತದೆ. 20 ದಾಟಿದರೆ ಎಲ್ಲಿಂದ ಬಂತೆಂದು ಹುಡುಕಿ. ಆರ್ಸೆನಿಕ್ ಇರುವ ಬೋರ್ ನೀರನ್ನು ವರ್ಷಗಟ್ಟಲೆ ಹಾಯಿಸಿದ್ದೇ ಕಾರಣವಾಗಿರಬಹುದು.

ಇಲ್ಲಿ ತಪ್ಪು ಮದ್ದಿನ ಅಪಾಯವಿದೆ. ರಂಜಕ ಸೀಸವನ್ನು ಕರಗದ ರೂಪದಲ್ಲಿ ಕಟ್ಟುತ್ತದೆ, ಅದಕ್ಕೆ ಸೂಪರ್ ಫಾಸ್ಫೇಟ್ ಸುರಿಯಿರಿ ಎಂಬ ಸಲಹೆ ಓಡಾಡುತ್ತಿದೆ. ಸೀಸದ ಮಟ್ಟಿಗೆ ನಿಜ. ಆದರೆ ರಂಜಕ ಮತ್ತು ಆರ್ಸೆನಿಕ್ ರಸಾಯನದಲ್ಲಿ ಅಣ್ಣತಮ್ಮಂದಿರು, ಮಣ್ಣಿನ ಕಣದಲ್ಲಿ ಒಂದೇ ಜಾಗಕ್ಕೆ ಪೈಪೋಟಿ. ರಂಜಕ ಹೆಚ್ಚಾದರೆ ಆರ್ಸೆನಿಕ್ ಜಾಗ ಬಿಟ್ಟು ನೀರಿಗೆ ಬರುತ್ತದೆ. ಸುಣ್ಣವೂ ಹಾಗೆಯೇ: ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಪಿಎಚ್ ಅನ್ನು 6.5ರ ಆಸುಪಾಸಿಗೆ ಏರಿಸಿದರೆ ಕ್ಯಾಡ್ಮಿಯಂ, ಸೀಸ ಬೇರಿಗೆ ಸಿಗುವುದು ತಗ್ಗುತ್ತದೆ. ರಾಯಚೂರು ಕಡೆಯ ಎರೆಮಣ್ಣು ಮೊದಲೇ ಕ್ಷಾರ. ಅದಕ್ಕೆ ಸುಣ್ಣ ಹಾಕುವುದು ದಂಡ, ಆರ್ಸೆನಿಕ್ ಇದ್ದರೆ ಕೇಡು.

ಎಲ್ಲಕ್ಕೂ ಒಗ್ಗುವ ಕೆಲಸ ಕೊಟ್ಟಿಗೆ ಗೊಬ್ಬರ, ಮುಚ್ಚಿಗೆ ಮತ್ತು ಎತ್ತರದ ಮಡಿ. ಗೋಡೆ, ರಸ್ತೆ ಬದಿಯಲ್ಲಿ ಹೂಗಿಡ ಅಥವಾ ಹುಲ್ಲು ಬೆಳೆಸಿ ನೆಲ ಮುಚ್ಚಿ. ತರಕಾರಿಗೆ ಇಟ್ಟಿಗೆ ಕಟ್ಟಿ ಕನಿಷ್ಠ 30 ಸೆಂಟಿಮೀಟರ್ ಎತ್ತರದ ಮಡಿ ಮಾಡಿ, ತಳಕ್ಕೆ ನೀರಿಳಿಯುವ ನೇಯ್ದ ಹಾಸು ಹಾಸಿ, ಮೇಲೆ ಪರೀಕ್ಷೆಯಾದ ಮಣ್ಣು ತುಂಬಿ. ಕೆರೆ ಗೋಡು ಹೊಡೆಯುವ ಹಳೆಯ ರೂಢಿ ಒಳ್ಳೆಯದೇ, ಮಳೆನೀರು ತುಂಬುವ ಊರ ಕೆರೆಯದಾದರೆ. ಒಳಚರಂಡಿ, ಕಾರ್ಖಾನೆ ನೀರು ಸೇರುವ ನಗರದ ಕೆರೆಯ ಗೋಡನ್ನು ಪರೀಕ್ಷೆಯಿಲ್ಲದೆ ತರಬೇಡಿ. ನಗರ ಕಾಂಪೋಸ್ಟ್ ಕೊಳ್ಳುವಾಗ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಸೀಸಕ್ಕೆ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂಗೆ 5.

ಅನುಮಾನದ ನೆಲದಲ್ಲಿ ಟೊಮೆಟೊ, ಬದನೆ, ಬೆಂಡೆ, ಹೀರೆ, ಅವರೆ, ಅಲಸಂದೆ ಕ್ಷೇಮ; ಕಾಯಿಗೆ ಲೋಹ ಏರುವುದು ತೀರ ಕಡಿಮೆ. ಮೂಲಂಗಿ, ಕ್ಯಾರೆಟ್ ಮಣ್ಣಿನೊಳಗೇ ಇರುವಂಥವು. ಪಾಲಕ್, ದಂಟು ಕ್ಯಾಡ್ಮಿಯಂ ಹೀರುವುದರಲ್ಲಿ ಮುಂದು. ಮಳೆ ಬಿದ್ದ ಮಾರನೆ ದಿನ ದಂಟಿನ ಕೆಳಗಿನ ಎಲೆಯನ್ನು ಮಗುಚಿ ನೋಡಿ: ಬೆನ್ನಿನ ನರಗಳ ಸಂದಿಯಲ್ಲಿ ಕೆಮ್ಮಣ್ಣಿನ ಚುಕ್ಕೆಗಳು ಸಾಲಾಗಿ ಕೂತಿರುತ್ತವೆ. ಸೊಪ್ಪಿನ ಸೀಸದಲ್ಲಿ ದೊಡ್ಡ ಪಾಲು ಇದೇ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹಾಸಿದರೆ ಸಿಡಿಯುವುದು ನಿಲ್ಲುತ್ತದೆ. ಬುಡದ ಎರಡು ಸುತ್ತು ಎಲೆ ಕಿತ್ತು ಬಿಸಾಡಿ, ಲೀಟರ್ ನೀರಿಗೆ ಎರಡು ಟೀ ಚಮಚ ವಿನಿಗರ್ ಹಾಕಿ ಅದ್ದಿ, ಮತ್ತೆ ಮೂರು ನೀರಲ್ಲಿ ತೊಳೆಯಿರಿ. ಗೆಡ್ಡೆಗಳ ಸಿಪ್ಪೆ ದಪ್ಪಗೆ ತೆಗೆಯಿರಿ. ಎಲೆಯೊಳಗೆ ಸೇರಿದ ಕ್ಯಾಡ್ಮಿಯಂ ಮಾತ್ರ ಯಾವ ತೊಳೆತಕ್ಕೂ ಹೋಗುವುದಿಲ್ಲ.

ಭತ್ತದ ಗದ್ದೆ

ನೀರು ನಿಂತ ಗದ್ದೆಯಲ್ಲಿ ಉಸಿರಾಡಲು ಗಾಳಿಯಿಲ್ಲದ ಮಣ್ಣಿನ ಕಬ್ಬಿಣ ಕರಗುತ್ತದೆ, ಅದಕ್ಕೆ ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಭತ್ತದ ಬೇರು ಅದನ್ನು ಸಿಲಿಕಾನ್ ಎಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಜೋಳ, ರಾಗಿಗೆ ಗದ್ದೆಯೇ ಬೇಡ, ಹಾಗಾಗಿ ಈ ತೊಂದರೆಯೂ ಕಡಿಮೆ. ಭತ್ತವೇ ಬೇಕೆಂದರೆ ಹಸಿ-ಒಣ ಪದ್ಧತಿ ಹಿಡಿಯಿರಿ. 30 ಸೆಂಟಿಮೀಟರ್ ಉದ್ದದ ಅಗಲ ಬಾಯಿಯ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಅರ್ಧ ಮಣ್ಣೊಳಗಿರುವಂತೆ ಬದುವಿನ ಹತ್ತಿರ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರದ ಮೇಲೆ ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ 5 ಸೆಂಟಿಮೀಟರ್ ನೀರು ಕಟ್ಟಿ. ಹೂ ಬಿಡುವುದಕ್ಕೆ ಒಂದು ವಾರ ಮುಂಚೆಯಿಂದ ಒಂದು ವಾರ ಆಮೇಲಿನವರೆಗೆ ಒಣಗಿಸಬೇಡಿ, ಜೊಳ್ಳಾಗುತ್ತದೆ. ಒಂದು ಎಚ್ಚರ: ಗದ್ದೆ ಒಣಗಿದಷ್ಟೂ ಕ್ಯಾಡ್ಮಿಯಂ ಕರಗಿ ಕಾಳಿಗೆ ಏರುತ್ತದೆ. ಹುಳಿ ಮಣ್ಣಾಗಿದ್ದು ವರದಿಯಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದರೆ ಈ ಪದ್ಧತಿ ಬೇಡ.

ಅನ್ನ ಬಸಿಯುವುದು

ಪಾಲಿಶ್ ಅಕ್ಕಿಯಲ್ಲಿ ಅಜೈವಿಕ (ಹೆಚ್ಚು ವಿಷದ ರೂಪದ) ಆರ್ಸೆನಿಕ್‌ಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನಕ) ಮಿತಿ ಕಿಲೋಗೆ 0.2 ಮಿಲಿಗ್ರಾಂ, ತವುಡು ತೆಗೆಯದ ಅಕ್ಕಿಗೆ 0.35. ತವುಡಿನಲ್ಲೇ ಹೆಚ್ಚು ಸೇರುವುದರಿಂದ ಈ ವ್ಯತ್ಯಾಸ. ಬರೀ ತೊಳೆದರೆ ಸ್ವಲ್ಪವೇ ಹೋಗುತ್ತದೆ. ಒಂದು ಲೋಟ ಅಕ್ಕಿಗೆ ಆರರಿಂದ ಹತ್ತು ಲೋಟ ನೀರಿಟ್ಟು ಬೇಯಿಸಿ ಬಸಿದರೆ ಸುಮಾರು ಅರ್ಧದಷ್ಟು ಇಳಿಯುತ್ತದೆ. ಇನ್ನೂ ಒಳ್ಳೆಯ ವಿಧಾನ, ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಅಳೆದು ತೋರಿಸಿದ್ದು: ನಾಲ್ಕು ಲೋಟ ನೀರು ಕುದಿ ಬಂದ ಮೇಲೆ ಒಂದು ಲೋಟ ಅಕ್ಕಿ ಹಾಕಿ, ಐದು ನಿಮಿಷ ಕುದಿಸಿ, ಆ ನೀರನ್ನು ಪೂರ್ತಿ ಬಸಿಯಿರಿ. ಹೊಸದಾಗಿ ಎರಡು ಲೋಟ ನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಇಂಗುವವರೆಗೆ ಬೇಯಿಸಿ. ಬಿಳಿ ಅಕ್ಕಿಯಲ್ಲಿ 73%, ಕಂದು ಅಕ್ಕಿಯಲ್ಲಿ 54% ಅಜೈವಿಕ ಆರ್ಸೆನಿಕ್ ಹೋಯಿತು. ಕೊನೆಯ ನೀರು ಅನ್ನದಲ್ಲೇ ಇಂಗುವುದರಿಂದ, ಪೂರ್ತಿ ಬಸಿಯುವುದಕ್ಕಿಂತ ಸತ್ವದ ನಷ್ಟವೂ ಕಡಿಮೆ.

ಇಷ್ಟೆಲ್ಲ ಮಾಡಿ ಬಸಿದ ಗಂಜಿಗೆ ಉಪ್ಪು ಹಾಕಿ ಕುಡಿದರೆ, ಅನ್ನದಿಂದ ಇಳಿದದ್ದು ಲೋಟದಿಂದ ಹೊಟ್ಟೆಗೆ ಬಂತು. ದನಕ್ಕೂ ಬೇಡ. ಬೇಯಿಸುವ ನೀರಲ್ಲೇ ಆರ್ಸೆನಿಕ್ ಇದ್ದರಂತೂ ಅನ್ನ ಅದನ್ನು ಹೀರಿ ಮೊದಲಿಗಿಂತ ಕೆಡುತ್ತದೆ, ಅದಕ್ಕೇ ನೀರಿನ ಪರೀಕ್ಷೆ ಮೊದಲು ಎಂದದ್ದು. ಎಳೆ ಮಕ್ಕಳಿಗೆ ಮೂರು ಹೊತ್ತೂ ಅಕ್ಕಿಯದೇ ಬೇಡ. ರಾಗಿ ಸರಿ ನಮ್ಮಲ್ಲಿ ಮೊದಲಿಂದಲೂ ಇದೆ, ಸರದಿಯಲ್ಲಿ ಕೊಡಿ.

ಅನುಮಾನವಿದ್ದರೆ ದೇಹದ ಪರೀಕ್ಷೆ

ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಕಾಳು ಕಾಳಾಗಿ ಒರಟು ಕಂಡರೆ ಚರ್ಮವೈದ್ಯರಿಗೆ ತೋರಿಸಿ, ಬೋರ್ ನೀರಿನ ವರದಿಯನ್ನೂ ಒಯ್ಯಿರಿ. ಆರ್ಸೆನಿಕ್‌ಗೆ ಮೂತ್ರ ಪರೀಕ್ಷೆ. ಅದಕ್ಕೂ ಮುಂಚೆ ನಾಲ್ಕು ದಿನ ಮೀನು, ಸೀಗಡಿ ತಿನ್ನಬಾರದು. ಅವುಗಳ ಸಾವಯವ ಆರ್ಸೆನಿಕ್ ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಸೀಸಕ್ಕೆ ರಕ್ತ ಪರೀಕ್ಷೆ. ಮಗುವಿನ ಬೆರಳು ಚುಚ್ಚಿ ತೆಗೆಯುವುದಾದರೆ ಮೊದಲು ಸೋಪಿನಿಂದ ಕೈ ಚೆನ್ನಾಗಿ ತೊಳೆಸಿ, ಬೆರಳಿಗಂಟಿದ ಮಣ್ಣಿನ ಸೀಸವೇ ಹನಿ ರಕ್ತಕ್ಕೆ ಸೇರಿಬಿಡುತ್ತದೆ. ಹೆಚ್ಚು ಬಂದರೆ ತೋಳಿನ ನರದಿಂದ ತೆಗೆದ ರಕ್ತದಲ್ಲಿ ಇನ್ನೊಮ್ಮೆ ಮಾಡಿಸಿ.