ಜಡಿಮಳೆಯಲ್ಲಿ ಥ್ರಿಲ್ಲರ್ ಓದುವ ಬಗೆ

ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ನಮ್ಮನೆಯಲ್ಲಿ ಕರೆಂಟ್ ಇರೋದಿಲ್ಲ. ಮನಸ್ಸನ್ನು ಕೆದಕುವ ಕಾದಂಬರಿಗೆ ಅದೇ ಸರಿಯಾದ ಹೊತ್ತು. ನನ್ನ ಅಚ್ಚುಮೆಚ್ಚಿನ ಲೇಖಕಿ ಡ್ಯಾಫ್ನೆ ಡು ಮೋರಿಯೆ. 1938ರಲ್ಲಿ ಬಂದ ‘ರೆಬೆಕಾ’ವನ್ನು ಈಗ ಮೂರನೇ ಸಲ ಹಿಡಿದಿದ್ದೇನೆ.

ಫೋನನ್ನು ಅಡುಗೆಮನೆಯ ನಾಗಂದಿಗೆಗೆ ಅಟ್ಟಿ. ಬೆನ್ನುಡಿ ಓದಲೇಬೇಡಿ, ಅರ್ಧ ಗುಟ್ಟು ಅಲ್ಲೇ ರಟ್ಟಾಗಿರುತ್ತೆ. ಚಾರ್ಜರ್ ಲೈಟ್ ಮೊದಲೇ ತುಂಬಿಸಿಡಿ (ನಾನು ಮರೆತು ಮೇಣದಬತ್ತಿ ಹಚ್ಚಿ, ಎರಡು ಪುಟಕ್ಕೆ ಮೇಣ ಮೆತ್ತಿಸಿದ್ದೇನೆ).

ಮೊದಲ ಐವತ್ತು ಪುಟ ಎಳೆದಂತೆ ಅನ್ನಿಸಿದರೂ ವರ್ಣನೆ ಹಾರಿಸಬೇಡಿ. ಇಲ್ಲಿ ಹವೆಯೇ ಅರ್ಧ ಕಥೆ. ಕಥೆ ನಡೆಯುವ ಮ್ಯಾಂಡರ್ಲಿ ಬಂಗಲೆಯ ದಾರಿಯಲ್ಲಿ ರಕ್ತಗೆಂಪು ರೋಡೊಡೆಂಡ್ರನ್ ಹೂಗಳು ಮೈಮೇಲೆ ಬಂದಂತೆ ನಿಂತಿರುತ್ತವೆ. ಹೂವಿಗೂ ಹೆದರಬಹುದು ಅಂತ ನನಗೆ ಗೊತ್ತಾಗಿದ್ದೇ ಆಗ.

ಮುಖ್ಯ ಕೆಲಸ ಪೆನ್ಸಿಲ್‌ನದು. ಕಥೆ ಹೇಳುವ ಹುಡುಗಿ ಕಣ್ಣಾರೆ ಕಂಡದ್ದಕ್ಕೆ ನೇರ ಗೆರೆ, ಊಹಿಸಿಕೊಂಡದ್ದಕ್ಕೆ ಡೊಂಕು ಗೆರೆ ಎಳೆಯಿರಿ. ಡೊಂಕು ಗೆರೆಗಳೇ ಪುಟ ತುಂಬುತ್ತವೆ ನೋಡಿ! ಅವಳ ಹೆಸರನ್ನು ಲೇಖಕಿ ಕೊನೆವರೆಗೂ ಹೇಳುವುದಿಲ್ಲ. ಅವಳ ಗಂಡನ ಸತ್ತ ಮೊದಲ ಹೆಂಡತಿ ರೆಬೆಕಾಳ ಹೆಸರೋ ರಕ್ಷಾಪುಟದ ಮೇಲೇ ಇದೆ. ಇದನ್ನು ಮನಸ್ಸಲ್ಲಿಟ್ಟುಕೊಂಡು ಓದಿದರೆ ಮನೆವಾರ್ತೆಯ ಡ್ಯಾನ್ವರ್ಸ್ ಬಾಗಿಲಲ್ಲಿ ಸುಮ್ಮನೆ ನಿಂತರೂ ಬೆನ್ನು ತಣ್ಣಗಾಗುತ್ತೆ.

ಕಾಫಿ ಫ್ಲಾಸ್ಕಿನಲ್ಲಿರಲಿ, ನಡುವೆ ಏಳುವಂತಿಲ್ಲ.

ಮುಗಿಸಿದ ಕೂಡಲೇ ಕಪಾಟಿಗೆ ಸೇರಿಸಬೇಡಿ. ಮೊದಲ ಎರಡು ಅಧ್ಯಾಯಕ್ಕೆ ವಾಪಸ್ ಹೋಗಿ. ಕಾಲದ ಲೆಕ್ಕದಲ್ಲಿ ಕಥೆ ಮುಗಿಯುವುದು ಅಲ್ಲಿ.